ಹೆಬ್ಬೆರಳಿನ ಸನ್ಮಾನಕ್ಕೆ ಉಟ್ರೆಕ್ಟಿಗೆ

ರಾಜಾನುಕುಂಟೆ

ಪರದೇಶಕ್ಕೆ ಹೋಗಿ ಬಂದವರು ಮೊದಲು ಅಲ್ಲಿನ ರಸ್ತೆಗಳ ಚೊಕ್ಕಟತನವನ್ನು ಹೊಗಳುತ್ತಾರೆ. ನಾನು ಹೇಳಬೇಕಾಗಿರುವುದು ಒಂದು ಹೆಬ್ಬೆರಳಿನ ವಿಷಯ. ರಸ್ತೆಗಳೂ ಚೊಕ್ಕಟವಾಗಿದ್ದವು, ಅದನ್ನು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ.

ನನ್ನ ಗಂಡನ ಮನೆತನ ರಾಜಾನುಕುಂಟೆಯದು. ನಾವಿಬ್ಬರೂ ಸಂಜಯನಗರದಲ್ಲಿ ಸಂಸಾರ ಹೂಡಿ, ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದರೂ ಊರಿನಲ್ಲಿ ನನ್ನನ್ನು ಈಗಲೂ 'ಬೆರಳಿಲ್ಲದವಳು' ಎಂದೇ ಗುರುತಿಸುತ್ತಾರೆ. ನನಗೆ ಹತ್ತು ಬೆರಳೂ ನೆಟ್ಟಗಿವೆ. ಇಲ್ಲದಿರುವುದು ಆ ಮನೆಯ ಬೆರಳು. ಆ ಮನೆತನದಲ್ಲಿ ತಲೆಮಾರಿಗೆ ಒಬ್ಬಿಬ್ಬರಿಗೆ ಹೆಬ್ಬೆರಳು ಉದ್ದವಾಗಿ, ಮೂರು ಗೆಣ್ಣಿನದಾಗಿ, ಉಳಿದ ನಾಲ್ಕರ ಜೊತೆ ಒಂದೇ ಸಾಲಿಗೆ ಬಂದು ನಿಂತಿರುತ್ತದೆ. ಅದಕ್ಕೆ ಲಕ್ಷ್ಮೀಬೆರಳು ಎಂದು ಹೆಸರು. ಹೊಲಗಳು ಲೇಔಟ್ ಆದದ್ದು, ಲೇಔಟಿನಿಂದ ಮೂರಂತಸ್ತಿನ ಮನೆ ಎದ್ದದ್ದು, ಎಲ್ಲವೂ ಆ ಬೆರಳಿನ ಮಹಿಮೆ. ವಿಮಾನ ನಿಲ್ದಾಣ ಹತ್ತಿರ ಬಂದಿದ್ದಕ್ಕೆ ಜಮೀನಿನ ಬೆಲೆ ಏರಿತು ಎಂದು ನಾನೊಮ್ಮೆ ಬಾಯಿ ತಪ್ಪಿ ಅಂದು, ಇಡೀ ಯುಗಾದಿ ಒಬ್ಬಳೇ ಕೂತು ಹೋಳಿಗೆ ತಿಂದಿದ್ದೇನೆ.

ಬೆರಳು ಮನೆ ಬಿಟ್ಟು ಹೋಗಬಾರದು ಎಂಬುದು ಅಲ್ಲಿನ ಕಾನೂನು. ನನ್ನ ಭಾವನವರಿಗೆ, ಅಂದರೆ ಗಂಡನ ಅಣ್ಣನಿಗೆ, ಅದು ಬಂದಿರಲಿಲ್ಲ. ಅವರ ಅಕ್ಕನಿಗೆ ಬಂದಿತ್ತು, ಅಕ್ಕನ ಮಗಳು ಗೌರಮ್ಮನಿಗೂ ಬಂದಿತ್ತು. ಹಿರಿಯರು ಕೂತು ಯೋಚನೆ ಮಾಡಿ, ಗೌರಮ್ಮನನ್ನು ಸೋದರಮಾವನಿಗೇ ಕೊಟ್ಟು, ಆಚೆ ಹೋಗಿದ್ದ ಬೆರಳನ್ನು ವಾಪಸು ಮನೆ ತುಂಬಿಸಿಕೊಂಡರು. ಈ ಗೌರಮ್ಮನೇ ನನ್ನ ವಾರಗಿತ್ತಿ. ನಾನು ಗೌರಕ್ಕ ಎನ್ನುತ್ತೇನೆ. ಹುಟ್ಟಿನಿಂದ ಮೊಮ್ಮಗಳು, ಮದುವೆಯಿಂದ ಸೊಸೆ. ಹಾಗಾಗಿ ಆ ಮನೆಯಲ್ಲಿ ಆಕೆಗೆ ಎರಡು ಓಟು.

ಗೌರಕ್ಕನ ಮಗ ಮಂಜುವಿಗೂ ಬೆರಳು ಬಂತು. ಅವನು ಬ್ಯಾಟರಾಯನಪುರದ ಕವಿತಾಳನ್ನು ಮೆಚ್ಚಿ ಮದುವೆಯಾದ. ಯಲಹಂಕ ದಾಟಿದರೆ ಸಿಗುವ ಬ್ಯಾಟರಾಯನಪುರ ಗೌರಕ್ಕನ ಮಟ್ಟಿಗೆ ಆಗಲೇ ಪರದೇಶ. ಅವರ ಮಗಳು ಚಿನ್ನುವಿಗೆ ಬೆರಳೂ ಬಂತು, ಹೃದಯದಲ್ಲೊಂದು ತೂತೂ ಬಂತು. ಬೆರಳಿಗೆ ತೊಟ್ಟಿಲ ಶಾಸ್ತ್ರದ ದಿನ ಚಿನ್ನದ ಉಂಗುರ ತೊಡಿಸಿ ಬಂದವರಿಗೆಲ್ಲ ತೋರಿಸಿದರು. ತೂತನ್ನು ಬಚ್ಚಿಟ್ಟರು. ಹೆಣ್ಣುಮಗು, ನಾಳೆ ಮದುವೆಯಾಗಬೇಕಲ್ಲ. ಮಗುವನ್ನು ಆಪರೇಷನ್ನಿಗೆ ಸೇರಿಸಿದಾಗ ಅಕ್ಕಪಕ್ಕದವರಿಗೆ ತಿರುಪತಿ ಯಾತ್ರೆ ಎಂದು ಹೇಳಿದ್ದರು.

ಊರಿಗೆ ಗುಟ್ಟಾಗಿದ್ದ ಈ ತೂತು ಒಳಮನೆಯಲ್ಲಿ ಮಾತ್ರ ದಿನದ ಮಾತು. ಕವಿತಾ ಏಳು ತಿಂಗಳ ಬಸುರಿಯಾಗಿದ್ದಾಗ ಸೂರ್ಯಗ್ರಹಣ ಬಂದಿತ್ತು. ಆ ಹೊತ್ತಿನಲ್ಲಿ ಅವಳು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿದಳು. ಗೌರಕ್ಕ ಅದನ್ನು ಕಣ್ಣಾರೆ ಕಂಡಿದ್ದರು. "ಗ್ರಾಣದಾಗೆ ಕತ್ತಿ ಇಡಿದ್ಲು. ಅದು ಮಗೀನ ಎದೆಗೋಗಿ ಕುಂತ್ಕಂತು" ಎಂದು ಚಿಕ್ಕಮ್ಮಂದಿರಿಗೆ, ಅತ್ತೆಯಂದಿರಿಗೆ, ಸೀಮಂತ, ನಾಮಕರಣ ಯಾವುದಕ್ಕೆ ಸೇರಿದರೂ ಹೇಳುತ್ತಿದ್ದರು. ಚಿನ್ನುವಿಗೆ ಒಂಬತ್ತು ವರ್ಷವಾದರೂ ಆ ಈರುಳ್ಳಿ ಹೆಚ್ಚಿ ಮುಗಿದಿರಲಿಲ್ಲ.

ಆಗ ಬಂತು ಕರೆ. ಬೆಂಗಳೂರಿನ ಹೃದಯದ ಡಾಕ್ಟರೊಬ್ಬರು ಚಿನ್ನುವಿನ ಬೆರಳನ್ನೂ ಅವಳಪ್ಪನ ಬೆರಳನ್ನೂ ನೋಡಿ ಅನುಮಾನಪಟ್ಟು, ಮನೆಮಂದಿಯ ಕೈಗಳನ್ನೆಲ್ಲ ಬಿಳಿ ಪಂಚೆಯ ಮೇಲೆ ಸಾಲಾಗಿ ಇಡಿಸಿ ಫೋಟೋ ತೆಗೆದು, ರಕ್ತವನ್ನು ಹಾಲೆಂಡಿನ ಪ್ರಯೋಗಾಲಯಕ್ಕೆ ಕಳಿಸಿದ್ದರು. ಅಲ್ಲಿ ಉಟ್ರೆಕ್ಟ್ ಎಂಬ ಊರಿನಲ್ಲಿ ಇಂಥ ಕುಟುಂಬಗಳದೇ ಒಂದು ಸಭೆ, ನೀವೂ ಬನ್ನಿ ಎಂದು ಆಹ್ವಾನ. ಮಂಜುವಿಗೆ ಹೊಸ ಲೇಔಟಿಗೆ ಡಾಂಬರು ಹಾಕಿಸುವ ಕೆಲಸ. ಕವಿತಾ, ಚಿನ್ನು, ಇಂಗ್ಲಿಷಿಗೆ ನಾನು ಎಂದಾಯಿತು. ಗೌರಕ್ಕ ತಾವೂ ಬರುವುದಾಗಿ ಸಾರಿದರು.

"ಎಬ್ಬೆಟ್ಟಿನ ಫೋಟೋ ನೋಡ್ಬುಟ್ಟು ಕರ್ಸ್ತಾವ್ರೆ. ಎಬ್ಬೆಟ್ಟು ಯಾರ್ದು? ನಮ್ದು. ನಾನಿಲ್ದೆ ಯಾರ್ಗೆ ಸನ್ಮಾನ ಮಾಡ್ತಾರೆ?" ಎಂದರು.

ಇದು ಕಾಯಿಲೆಯ ಸಭೆ, ಸನ್ಮಾನ ಅಲ್ಲ ಎಂದು ನಾನು ಎಷ್ಟು ಬಡಿದುಕೊಂಡರೂ ಕೇಳಲಿಲ್ಲ. ಅವರು ಸನ್ಮಾನ ಮಾಡಿದರೆ ನಾವು ಬರಿಗೈಯಲ್ಲಿ ನಿಲ್ಲುವುದು ಚೆನ್ನಾಗಿರುವುದಿಲ್ಲ ಎಂದು ಒಂದು ಮೈಸೂರು ಪೇಟ, ಒಂದು ಶಾಲು, ಒಂದು ಗಂಧದ ಹಾರ ಕೊಂಡು ಸೂಟ್‌ಕೇಸಿಗೆ ತುಂಬಿದರು.

ಹೊರಡುವ ಮುಂಚೆ ಕವಿತಾ ನನ್ನನ್ನು ಹಿತ್ತಲಿಗೆ ಕರೆದಳು. "ಚಿಕ್ಕತ್ತೆ, ಅಲ್ಲಿ ಡಾಕ್ಟರ್‌ನ ಒಂದೇ ಒಂದು ಕೇಳ್ಬೇಕು ನೀವು. ಆ ಈರುಳ್ಳಿಯಿಂದಾನೇ ಆಗಿದ್ದಾ ಅಂತ. ಅತ್ತೆ ಎದುರಿಗೇ ಕೇಳ್ಬೇಕು."

"ಬಿ.ಕಾಂ. ಓದಿದೋಳು ನೀನು. ನಿನಗೆ ಗೊತ್ತಿಲ್ವೇನೇ?"

"ಗೊತ್ತು. ಆದ್ರೂ ಅವ್ಳ ಎದೆ ಮೇಲಿನ ಗಾಯಕ್ಕೆ ಸೋಪು ಹಚ್ಚುವಾಗೆಲ್ಲ ಆ ಚಾಕುನೇ ನೆನಪಾಗುತ್ತೆ. ಮಂಜು ಇನ್ನೊಂದು ಮಗು ಅಂತಾರೆ. ನನಗೂ ಆಸೆನೇ. ಆದ್ರೆ ಇದು ತೀರ್ಮಾನ ಆಗ್ದೆ ನನ್ನ ಕೈಲಾಗಲ್ಲ ಚಿಕ್ಕತ್ತೆ."

ಖಂಡಿತ ಕೇಳುತ್ತೇನೆ ಎಂದು ಮಾತು ಕೊಟ್ಟೆ.

ಗಡಿ

ಆಮ್‌ಸ್ಟರ್‌ಡ್ಯಾಮ್ ನಿಲ್ದಾಣದಲ್ಲಿ ಬೆರಳಚ್ಚು ಒತ್ತಬೇಕು. ಗಾಜಿನ ಮೇಲೆ ಮೊದಲು ನಾಲ್ಕು ಬೆರಳು, ಆಮೇಲೆ ಹೆಬ್ಬೆರಳು. ಗೌರಕ್ಕ ಕೈಯಿಟ್ಟರು. ಗಾಜಿನ ಹಿಂದಿದ್ದ ಅಧಿಕಾರಿ ಬೆರಳು ಎಣಿಸಿ, ಹೆಬ್ಬೆರಳನ್ನು ಬೇರೆಯಾಗಿ ಇಡಿ ಎಂದ. ಇಟ್ಟರು. ಅಲ್ಲ, ಅದಲ್ಲ, ಹೆಬ್ಬೆರಳು ಎಂದ. ಇದೇ ಹೆಬ್ಬೆರಳು ಎಂದು ನಾನಂದೆ. ಅವನು ಎದ್ದು ನಿಂತು ನೋಡಿದ, ಪಕ್ಕದ ಗೂಡಿನವನನ್ನು ಕರೆದ, ಅವನು ಇನ್ನೊಬ್ಬಳನ್ನು ಕರೆದ. ನಮ್ಮ ಹಿಂದಿನ ಸಾಲು ಉದ್ದವಾಗುತ್ತಾ ಹೋಯಿತು. ನಾನು ಭೂಮಿಗಿಳಿದು ಹೋಗುವಂತೆ ನಿಂತಿದ್ದರೆ ಗೌರಕ್ಕ ಸೆರಗು ಸರಿಪಡಿಸಿಕೊಂಡು, ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ನೋಡ್ದಾ ಸರೋಜಾ? ಇಳಿತಿದ್ದಂಗೇ ಶುರುವಾಯ್ತು" ಎಂದು ನನ್ನ ಕಡೆ ತಿರುಗಿದರು.

ಮಾರೈಕಳ ಮನೆ

ನಮ್ಮನ್ನು ಮನೆಯಲ್ಲಿ ಇಟ್ಟುಕೊಂಡವಳು ಮಾರೈಕ ಎಂಬ ಶಾಲಾ ಶಿಕ್ಷಕಿ. ಆ ಊರಿನ ಮನೆಗಳ ಕಿಟಕಿಗೆ ಪರದೆಯೇ ಇಲ್ಲ. ದಾರಿಯಲ್ಲಿ ನಡೆಯುವವರಿಗೆ ಒಳಗಿನವರ ಸೋಫಾ, ಊಟ, ಜಗಳ ಎಲ್ಲ ಕಾಣುತ್ತದೆ. ನಮ್ಮ ರಾಜಾನುಕುಂಟೆಯ ಮನೆಗೆ ಆಳೆತ್ತರದ ಕಾಂಪೌಂಡು, ಅದರ ಮೇಲೆ ಗಾಜಿನ ಚೂರು. ಇಲ್ಲಿ ಶೌಚಾಲಯದ ಗೋಡೆಗೂ ಒಂದು ಕ್ಯಾಲೆಂಡರ್, ಅದರಲ್ಲಿ ನೆಂಟರ ಹುಟ್ಟುಹಬ್ಬದ ದಿನಗಳು. ನೆಂಟರನ್ನು ನೆನೆಯಲು ಇದೇ ಸರಿಯಾದ ಜಾಗ ಎಂದು ನನಗೂ ಅನ್ನಿಸಿತು.

ಮೆಟ್ಟಿಲು ಏಣಿಯ ಹಾಗೆ ಕಡಿದು. ಗೌರಕ್ಕ ನಡುವೆ ಎರಡು ಸಲ ನಿಂತು ಉಸಿರು ಎಳೆದುಕೊಂಡರು. ಊರಲ್ಲೂ ಹೀಗೇ ನಿಲ್ಲುವುದನ್ನು ಕಂಡಿದ್ದೆ. "ಗ್ಯಾಸು ಕಣೆ. ವಿಮಾನದಾಗೆ ಕೊಟ್ಟ ಕಡ್ಲೆಕಾಳು" ಎಂದರು.

ಮಾರೈಕ ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದಳು. ಗೌರಕ್ಕ ಮರ್ಯಾದೆಗೆ 'ಬೇಡ' ಎಂದು ತಲೆಯಾಡಿಸಿದರು. ನಮ್ಮಲ್ಲಾದರೆ ಆಗ ಮೂರು ಸಲ ಬಲವಂತ ಮಾಡಿ ಕೈಗೇ ತುರುಕಬೇಕು. ಮಾರೈಕ ಸರಿ ಎಂದು ಮುಂದೆ ಹೋದಳು. ನಮಗೆ ತಲೆಗೊಂದು ಕೊಟ್ಟು, ಡಬ್ಬಿಗೆ ಮುಚ್ಚಳ ಹಾಕಿ, ಬೀರುವಿನ ಮೇಲಿಟ್ಟಳು. ಗೌರಕ್ಕನ ಕಣ್ಣು ಆ ಬೀರುವನ್ನು ಬಿಟ್ಟು ಕದಲಲಿಲ್ಲ. "ಮುಚ್ಚೇ ಬುಟ್ಲಲ್ಲೇ! ಬ್ಯಾಡ ಅಂದ್ರೆ ಬ್ಯಾಡ ಅಂತ ತಿಳ್ಕಳಾದಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಈ ದೇಶದಲ್ಲಿ ಹಾಗೇ ಅಂತೆ ಅಕ್ಕ, ಕೇಳಿದ್ದಕ್ಕಷ್ಟೇ ಉತ್ತರ, ಹೇಳಿದ್ದಷ್ಟೇ ಅರ್ಥ ಎಂದೆ.

ಮಾರೈಕ ಸದಾ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದಳು. ಪಾತ್ರೆ ತೊಳೆಯುವಾಗ ಕೈ ಹೊರಬಂತು. ಗೌರಕ್ಕ ಕಿರುಚಿದರು. ಉದ್ದ ಹೆಬ್ಬೆರಳು, ಮೂರು ಗೆಣ್ಣು, ಉಳಿದವುಗಳ ಸಾಲಿನಲ್ಲೇ. ಥೇಟು ಲಕ್ಷ್ಮೀಬೆರಳು.

"ಇದೆಂಗೆ ಬಂತು ಇವ್ಳಿಗೆ? ನಮ್ಮೋರ್ ಯಾರೋ ಈ ಕಡೀಕೆ ಬಂದು ಓಗವ್ರೆ ಸರೋಜಾ. ಯಾರು ಅಂತ ಇಚಾರ್ಸು."

ವಿಚಾರಿಸಿದೆ. ಮಾರೈಕಳ ಅಪ್ಪನಿಗೂ ಇದೇ ಬೆರಳು. ನಲವತ್ತು ದಾಟುವುದರೊಳಗೆ ಹೃದಯ ನಿಂತು ತೀರಿಕೊಂಡರು. ಇವಳ ಹೃದಯದ ತೂತನ್ನು ಶಾಲೆಯ ದಿನಗಳಲ್ಲೇ ಹೊಲಿದಿದ್ದರು. ಜೊತೆಯ ಮಕ್ಕಳು ಏಡಿ ಎಂದು ಅಣಕಿಸುತ್ತಿದ್ದರು. ಜೇಬಿನ ಅಭ್ಯಾಸ ಆಗಿನಿಂದ. ಇದನ್ನೆಲ್ಲ ಅವಳು ತಟ್ಟೆ ಒರೆಸುತ್ತಾ, ಹವಾಮಾನದ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದಳು.

ನಾನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಗೌರಕ್ಕ ಅವಳ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. "ಇದ್ನ ಯಾಕವ್ವಾ ಮುಚ್ಕತೀಯ? ನಮ್ಮೂರಾಗೆ ಇಂತಾ ಬೆರ್ಳಿಗೆ ಉಂಗ್ರ ಇಕ್ತಾರೆ. ಎಣ್ಣು ಕೇಳ್ಕಂಡು ಬತ್ತಾರೆ." ಮಾರೈಕ ನನ್ನ ಅನುವಾದವನ್ನು ಎರಡು ಸಲ ಕೇಳಿಸಿಕೊಂಡಳು. ಆಮೇಲೆ ಬೀರುವಿನ ಮೇಲಿನ ಡಬ್ಬಿಯನ್ನು ಇಳಿಸಿ ಮೇಜಿನ ಮೇಲೆ ತೆರೆದೇ ಇಟ್ಟಳು. ಗೌರಕ್ಕ ಈ ಸಲ ಬೇಡ ಎನ್ನಲಿಲ್ಲ.

ಸಭೆ

ಸಭೆಯಲ್ಲಿ ನಮ್ಮಂಥ ಹಲವು ಕುಟುಂಬಗಳು. ಮಕ್ಕಳು ಐದೇ ನಿಮಿಷದಲ್ಲಿ ದೋಸ್ತಿ ಮಾಡಿಕೊಂಡು, ಅಂಗಿಯ ಗುಂಡಿ ಬಿಚ್ಚಿ, ಯಾರ ಎದೆಯ ಗಾಯ ಉದ್ದ ಎಂದು ಅಳೆಯುತ್ತಿದ್ದರು. ಮದುವೆಯ ಚಿಂತೆಗೆಂದು ಒಂಬತ್ತು ವರ್ಷ ಕತ್ತು ಮುಚ್ಚುವ ಫ್ರಾಕನ್ನೇ ತೊಟ್ಟು ಬೆಳೆದಿದ್ದ ಚಿನ್ನು, ಎರಡನೇ ಸ್ಥಾನ ಬಂದಿದ್ದಕ್ಕೆ ಮುಖ ಊದಿಸಿಕೊಂಡಿದ್ದಳು.

ವಂಶವಾಹಿಗಳ ತಜ್ಞೆ ಮಳೆಯಲ್ಲಿ ಸೈಕಲ್ ತುಳಿದುಕೊಂಡು ಬಂದ ಎತ್ತರದ ಡಾಕ್ಟರಮ್ಮ. ನಮ್ಮ ಕುಟುಂಬವನ್ನು ಒಂದು ಚಿಕ್ಕ ಕೋಣೆಗೆ ಕರೆದು ಕೂರಿಸಿ ಅವರು ಬಾಯಿ ತೆರೆಯುವ ಮೊದಲೇ ಗೌರಕ್ಕ ಎದ್ದರು. ಶಾಲು ಹೊದಿಸಿದರು, ಹಾರ ಹಾಕಿದರು, ಪೇಟವನ್ನು ತಲೆಗೆ ಒತ್ತಿ ಕೂರಿಸಿದರು. ನಾನೂ ಕವಿತಾಳೂ ಬೇರೆ ದಾರಿಯಿಲ್ಲದೆ ಚಪ್ಪಾಳೆ ತಟ್ಟಿದೆವು. ಪೇಟವನ್ನು ಯಾವಾಗ ತೆಗೆಯಬಹುದೆಂದು ಡಾಕ್ಟರಮ್ಮನಿಗೆ ಯಾರೂ ಹೇಳಲಿಲ್ಲ. ತೆಗೆದರೆ ಅವಮಾನವಾದೀತೆಂದು ಹೆದರಿ ಅವರು ಪೇಟ ಸಮೇತ ಪಾಠ ಶುರುಮಾಡಿದರು.

ಹೃದಯ ಮೊದಲಿಗೆ ಬರೀ ಒಂದು ಕೊಳವೆಯಂತೆ. ತಾನು ಬಸುರಿ ಎಂದು ತಾಯಿಗೆ ಅನುಮಾನ ಬರುವ ಹೊತ್ತಿಗೇ ಅದು ಬಡಿಯತೊಡಗಿರುತ್ತದೆ. ಬಡಿಯುತ್ತಲೇ ಬಾಗುತ್ತದೆ, ಸುತ್ತಿಕೊಳ್ಳುತ್ತದೆ, ನಡುವೆ ಗೋಡೆಗಳೆದ್ದು ನಾಲ್ಕು ಕೋಣೆಗಳಾಗುತ್ತವೆ. ಎಲ್ಲಿ ಗೋಡೆ ಏಳಬೇಕು, ಎಲ್ಲಿ ಬಾಗಿಲು ಬಿಡಬೇಕು ಎಂದು ಅಪ್ಪಣೆ ಕೊಡುವುದು ಜೀನ್‌ಗಳು. ಅವುಗಳಲ್ಲಿ ಒಂದಕ್ಕೆ ಟಿಬಿಎಕ್ಸ್ ಐದು ಎಂದು ಸಿಟಿ ಬಸ್ಸಿನಂಥ ಹೆಸರು. ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯ ಉಸ್ತುವಾರಿ ಅದರದು. ತೋಳು ಮೊಳೆಯುವಾಗ ಹೆಬ್ಬೆರಳಿನ ಉಸ್ತುವಾರಿಯೂ ಅದರದೇ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ಎರಡರಲ್ಲಿ ಒಂದು ಕೆಟ್ಟರೂ ಸಾಕು.

ನಾನು ಇದನ್ನು ಹೇಗೋ ಕನ್ನಡಕ್ಕೆ ಇಳಿಸಿದೆ. ಮಗನ ಜೊತೆ ಸೈಟಿನಲ್ಲೇ ಕಾಲ ಕಳೆಯುವ ಗೌರಕ್ಕನಿಗೆ ತಟ್ಟನೆ ತಿಳಿಯಿತು.

"ಒಬ್ಬ ಮೇಸ್ತ್ರಿ ಎಲ್ಡು ಸೈಟು ಒಪ್ಕಂಡವ್ನೆ ಅನ್ನು! ನಮ್ಮ ಮಂಜನ ಮೇಸ್ತ್ರೀನೂ ಅಂಗೇಯ. ಎಲ್ಡು ಕಡೀಕೂ ಕೆಲ್ಸ ಕೆಡ್ಸಾಕ್ತಾನೆ."

ಹೇಳಿ ಮುಗಿಸಿದ ಮೇಲೆ ಅವರ ಕಣ್ಣು ತಮ್ಮ ಬೆರಳಿನ ಮೇಲೆ ಬಿತ್ತು. ಕೆಟ್ಟ ಕೆಲಸದ ಪಟ್ಟಿಯಲ್ಲಿ ಲಕ್ಷ್ಮಿಯನ್ನು ತಾವೇ ಸೇರಿಸಿದ್ದು ಹೊಳೆಯಿತು. ಆ ಕೈ ಮೆಲ್ಲಗೆ ಸೆರಗಿನ ಕೆಳಗೆ ಹೋಯಿತು.

ಕವಿತಾ ನನ್ನ ಮೊಣಕೈ ಹಿಂಡಿದಳು. ನಾನು ಕೇಳಿದೆ. ಗ್ರಹಣ ಎಂದರೇನು, ಬಸುರಿಯರು ಏನು ಮಾಡಬಾರದು, ಈರುಳ್ಳಿ, ಚಾಕು, ಏಳನೇ ತಿಂಗಳು, ಎಲ್ಲವನ್ನೂ ಬಿಡಿಸಿ ಹೇಳಿ, ಇವಳಿಂದ ಆಯಿತೇ ಎಂದೆ. ನಮ್ಮೂರ ಡಾಕ್ಟರಾಗಿದ್ದರೆ ನಕ್ಕು, ದೊಡ್ಡವರ ಮುಖ ನೋಡಿ, ನಂಬಿಕೆ ಬೇರೆ ವಿಜ್ಞಾನ ಬೇರೆ ಎಂದು ಎರಡೂ ಕಡೆಗೆ ಸಕ್ಕರೆ ಹಂಚುತ್ತಿದ್ದರು. ಈಕೆ ನಗಲಿಲ್ಲ. ಪೇಟದ ಕೆಳಗಿನಿಂದ ಕವಿತಾಳನ್ನೇ ನೋಡಿ 'ನೋ' ಎಂದರು.

ಅಷ್ಟೇ. ಅದಕ್ಕೆ ಅನುವಾದ ಬೇಕಿರಲಿಲ್ಲ.

"ಇನ್ನೊಂದ್ಸಲ ಹೇಳಕ್ಕೆ ಹೇಳಿ ಚಿಕ್ಕತ್ತೆ" ಎಂದಳು ಕವಿತಾ.

ಡಾಕ್ಟರಮ್ಮ ಇನ್ನೊಂದು ಸಲ ಹೇಳಿದರು. ಗ್ರಹಣದ ಹೊತ್ತಿಗೆ ಆ ಗೋಡೆಯ ಕೆಲಸ ಮುಗಿದು ತಿಂಗಳುಗಳೇ ಆಗಿದ್ದವು, ಮಗುವಿಗೆ ಬಂದ ಕೆಟ್ಟ ಪ್ರತಿ ನಿಮ್ಮದಲ್ಲ ಎಂದೂ ಸೇರಿಸಿದರು. ಕವಿತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತುಬಿಟ್ಟೆ. ಡಾಕ್ಟರಮ್ಮ ನಮ್ಮಿಬ್ಬರ ಕಡೆಗೂ ಕಾಗದದ ಕರವಸ್ತ್ರ ದಾಟಿಸಿದರು. ಇಲ್ಲೂ ತಲೆಗೊಂದೇ ಎಂದುಕೊಂಡಿದ್ದೆ, ಡಬ್ಬಿಯನ್ನು ಅಲ್ಲೇ ಬಿಟ್ಟರು.

"ಅಂಗಾರೆ ಯಾರ್ದಂತೆ?" ಎಂದರು ಗೌರಕ್ಕ.

ನಿಮಗೆ ತಿಳಿಯುವ ಇಷ್ಟವಿದೆಯೇ ಎಂದು ಡಾಕ್ಟರಮ್ಮ ಕೇಳಿದರು. "ಯೋಳು ಅನ್ನು, ನಂಗೇನ್ ಭಯ?" ಎಂದರು ಗೌರಕ್ಕ. ಮಗುವಿಗೆ ಅಪ್ಪನಿಂದ, ಅಪ್ಪನಿಗೆ ನಿಮ್ಮಿಂದ ಎಂದರು ಡಾಕ್ಟರಮ್ಮ. ನಿಮ್ಮ ಹೃದಯವನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ?

"ನಂದಾ? ಕಬ್ಣ ಅದು. ನಾಕು ಮಕ್ಳು ಎತ್ತವ್ನಿ, ಮಣಗಟ್ಲೆ ಉಲ್ಲು ಒತ್ತವ್ನಿ."

ಕತ್ತಲೆ ಕೋಣೆ

ಎದೆಯ ಮೇಲೆ ತಣ್ಣನೆಯ ಅಂಟು ಸವರಿ, ಪುಟ್ಟ ಉಪಕರಣ ಒತ್ತಿ, ಪರದೆಯ ಮೇಲೆ ಹೃದಯವನ್ನು ತೋರಿಸುವ ಕೋಣೆ ಅದು. ಗೌರಕ್ಕ ತಮ್ಮ ಹೃದಯವನ್ನು ತಾವೇ ಮೆಚ್ಚಿಕೊಂಡು ಮಲಗಿದ್ದರು. ಪರದೆಯಲ್ಲಿ ನಾಲ್ಕು ಕೋಣೆಗಳು ತೆರೆದು ಮುಚ್ಚುತ್ತಿದ್ದವು. ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಡೆ ಬಣ್ಣವೊಂದು ಈಚೆಯಿಂದ ಆಚೆಗೆ ಚಿಮ್ಮುತ್ತಿತ್ತು. ಡಾಕ್ಟರಮ್ಮ ಅದರ ಮೇಲೆ ಬೆರಳಿಟ್ಟರು. ಚಿನ್ನುವಿಗೆ ಇದ್ದ ಜಾಗದಲ್ಲೇ ಗೌರಕ್ಕನಿಗೂ ಒಂದು ಸಣ್ಣ ತೂತು. ಮೆಟ್ಟಿಲಿನ ಗ್ಯಾಸಿಗೆ ಕಾರಣ ಇದೇ.

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಪಟಾಕಿ ಹೊಡೆದಷ್ಟು ಸಂತೋಷವಾಯಿತು. ಒಂಬತ್ತು ವರ್ಷದ ಈರುಳ್ಳಿಗೆ ಸರಿಯಾಗಿ ತೀರ್ಪು ಬಂತು ಎನ್ನಿಸಿತು. ಆಮೇಲೆ ಆಕೆಯ ಮುಖ ನೋಡಿದೆ. ಗೌರಕ್ಕ ಪರದೆಯನ್ನೇ ನೋಡುತ್ತಿದ್ದರು.

"ಇದು ಯಾವಾಗ್ಲಿಂದ ಐತಂತೆ?"

"ಹುಟ್ಟೋಕೆ ಮುಂಚಿಂದ ಅಕ್ಕ."

"ನಮ್ಮವ್ವ ಗ್ರಾಣ ಅಂದ್ರೆ ಒಂದು ಕಡ್ಡೀನೂ ಮುರೀತಿರ್ಲಿಲ್ಲ. ಕತ್ಲೆ ಕ್ವಾಣೇಲಿ ಕುಂತ್ಕಂಡಿರೋಳು" ಎಂದರು ಗೌರಕ್ಕ.

ಕವಿತಾ ಹತ್ತಿರ ಹೋಗಿ, ಅತ್ತೆಯ ಎದೆಯ ಮೇಲಿನ ಅಂಟನ್ನು ಕಾಗದದಿಂದ ಒರೆಸಿ, ಸೆರಗು ಹೊದಿಸಿದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ಹರಕು ಇಂಗ್ಲಿಷಿನಲ್ಲಿ ತಾನೇ ಕೇಳಿದಳು: ಇನ್ನೊಂದು ಮಗುವಾದರೆ? ಅರ್ಧಕ್ಕರ್ಧ ಎಂದು ಉತ್ತರ ಬಂತು. ಬರಬಹುದು, ಬರದಿರಬಹುದು, ಹೊಟ್ಟೆಯಲ್ಲಿರುವಾಗಲೇ ನೋಡಬಹುದು, ಬಂದರೂ ಬಹಳಷ್ಟು ಸಲ ಸರಿಪಡಿಸಬಹುದು. ಇಲ್ಲೂ ಸಕ್ಕರೆ ಹಂಚಲಿಲ್ಲ.

"ಅರ್ಧ ಅಂದ್ರೆ ಅರ್ಧ" ಎಂದಳು ಕವಿತಾ ಹೊರಗೆ ಬಂದ ಮೇಲೆ. "ಅದನ್ನ ತಡ್ಕೋಬಹುದು ಚಿಕ್ಕತ್ತೆ."

ಡಾಕ್ಟರಮ್ಮ ಪೇಟ ಹೊತ್ತುಕೊಂಡೇ ಸೈಕಲ್ ಹತ್ತಿ ಹೋದರು. ಮಳೆ ಇನ್ನೂ ಬರುತ್ತಿತ್ತು.

ಮತ್ತೆ ರಾಜಾನುಕುಂಟೆ

ವಿಮಾನದುದ್ದಕ್ಕೂ ಗೌರಕ್ಕ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದರು. ಮನೆಗೆ ಹೋದ ಮೇಲಾದರೂ ಕವಿತಾಳ ಹತ್ತಿರ ತಪ್ಪಾಯ್ತು ಅನ್ನಬಹುದೆಂದು ನಾನು ಕಾದೆ. ಆ ಮನೆಯಲ್ಲಿ ಆ ಪದ ಬಳಕೆಯಲ್ಲಿಲ್ಲ ಎಂಬುದನ್ನು ಮರೆತಿದ್ದೆ.

ಬಂದ ಮೊದಲ ಭಾನುವಾರ ನೆಂಟರೆಲ್ಲ ಸೇರಿದರು. ಗುಟ್ಟು ಗೊತ್ತಿಲ್ಲದ ಪಕ್ಕದ ಮನೆಯವರೂ ಪರದೇಶದ ಚಾಕೊಲೆಟ್ಟಿಗೆ ಬಂದಿದ್ದರು. ಗೌರಕ್ಕನ ಚಿಕ್ಕಮ್ಮ ಎಲೆಅಡಿಕೆ ಹಾಕಿಕೊಂಡು, "ಏನಂದ್ರವ್ವಾ ಡಾಕುಟ್ರು? ಈರುಳ್ಳೀದೇ ತಾನೇ?" ಎಂದು ಎಲ್ಲರೆದುರೂ ಕೇಳಿದರು. ಕವಿತಾ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಬಾಯಿ ತೆರೆಯುವುದರಲ್ಲಿದ್ದೆ.

ಗೌರಕ್ಕ ಸೆರಗಿನಿಂದ ಕೈ ಹೊರತೆಗೆದರು.

"ಈರುಳ್ಳಿಯಂತೆ! ಇವ್ಳ ಈರುಳ್ಳೀಗೆ ಅಷ್ಟು ತಾಕತ್ತೆಲ್ಲೈತೆ? ಬ್ಯಾಟ್ರಾಯನ್ಪುರದೋರ ತಾವ ಏನೈತೆ ಕೊಡಾಕೆ? ಬೆರ್ಳೂ ನಮ್ದೇ, ತೂತೂ ನಮ್ದೇ. ನಂಗೂ ಐತೆ, ನಮ್ಮವ್ವಂಗೂ ಇದ್ದಿರ್ಬೇಕು. ದೊಡ್ಡ ದೊಡ್ಡ ಡಾಕುಟ್ರು ಟೀವಿಯಾಗೆ ನೋಡವ್ರೆ. ಆಲೆಂಡ್ನಾಗೂ ಐತಂತೆ ನಮ್ಮೋರ್ದು!"

ಪಕ್ಕದ ಮನೆಯವರ ಬಾಯಲ್ಲಿ ಚಾಕೊಲೆಟ್ ಹಾಗೇ ನಿಂತ ನೆನಪು. ಬಚ್ಚಿಟ್ಟಿದ್ದ ತೂತು ಒಂದೇ ಉಸಿರಿಗೆ ಮನೆತನದ ಆಸ್ತಿಯಾಗಿಬಿಟ್ಟಿತು. ಹಾಲೆಂಡಿನ ವಿಜ್ಞಾನ ಮಾಡಲಾಗದ್ದನ್ನು ಗೌರಕ್ಕನ ಜಂಬ ಮಾಡಿತು. ಆ ದಿನದಿಂದ ಆ ಮನೆಯಲ್ಲಿ ಈರುಳ್ಳಿಯ ಕಥೆ ಯಾರೂ ಎತ್ತಲಿಲ್ಲ, ಎತ್ತಿದರೆ ಗೌರಕ್ಕನಿಗೆ ಅವಮಾನ. ಬೆಂಗಳೂರಿನ ಡಾಕ್ಟರು ಕಾಲಿನ ರಕ್ತನಾಳದಿಂದ ಪುಟ್ಟ ಮುಚ್ಚಳ ತೂರಿಸಿ ಅವರ ತೂತನ್ನು ಮುಚ್ಚಿದಾಗ, ಊರಿಗೆಲ್ಲ ಹೇಳಿಯೇ ಹೋಗಿದ್ದರು. ತಿರುಪತಿಯ ಹೆಸರು ಬರಲಿಲ್ಲ.

ಆ ವರ್ಷದ ಕೊನೆಗೆ ಮತ್ತೆ ಸೂರ್ಯಗ್ರಹಣ ಬಂತು. ಕವಿತಾ ನಾಲ್ಕು ತಿಂಗಳ ಬಸುರಿ. ಮಗುವಿನ ಹೃದಯದ ಸ್ಕ್ಯಾನ್ ಇನ್ನೂ ಆಗಬೇಕಿತ್ತು, ಅರ್ಧಕ್ಕರ್ಧ ಹಾಗೇ ಇತ್ತು. ನಾನು ಹಿಂದಿನ ದಿನವೇ ಹೋಗಿದ್ದೆ. ಬೆಳಿಗ್ಗೆ ಬೆಳಕು ಮಂಕಾಗುತ್ತಾ ಬಂತು, ಬೀದಿಯಲ್ಲಿ ಒಬ್ಬರೂ ಇಲ್ಲ, ನೀರಿನ ತೊಟ್ಟಿಗೂ ಹಾಲಿನ ಪಾತ್ರೆಗೂ ದರ್ಭೆ ಹಾಕಿದ್ದಾಗಿತ್ತು. ಮುಗಿಯುವ ತನಕ ಯಾರೂ ಏನೂ ತಿನ್ನಕೂಡದು, ಆಮೇಲೆ ಎಲ್ಲರೂ ತಲೆಗೆ ನೀರು ಹಾಕಿಕೊಳ್ಳಬೇಕು ಎಂದು ಗೌರಕ್ಕ ಆಗಲೇ ಆಜ್ಞೆ ಮಾಡಿದ್ದರು. ಪೂರ್ತಿ ಬದಲಾಗಲು ಅವರಿಗೇನು ಹುಚ್ಚೇ?

ಅಡುಗೆಮನೆಯಲ್ಲಿ ಕವಿತಾ ಈರುಳ್ಳಿ ಬುಟ್ಟಿಯ ಮುಂದೆ ನಿಂತಿದ್ದಳು. ಚಾಕು ಕೈಯಲ್ಲಿತ್ತು. "ಅತ್ತೆ, ಉಪ್ಪಿಟ್ಟಿಗೆ ಈಗ್ಲೇ ಹೆಚ್ಚಿಡ್ಲಾ?" ಎಂದಳು.

ಗೌರಕ್ಕ ನಡುಮನೆಯಲ್ಲಿ ಕೂತಲ್ಲಿಂದಲೇ ತಿರುಗಿ ನೋಡಿದರು. ಚಾಕು ನೋಡಿದರು, ಅವಳ ಹೊಟ್ಟೆ ನೋಡಿದರು, ಕಿಟಕಿಯಾಚೆಯ ಮಂಕು ಬೆಳಕನ್ನೂ ನೋಡಿದರು.

"ಎಚ್ಚು. ಆದ್ರೆ ಸಣ್ಗೆ ಎಚ್ಚು. ನಿಮ್ಮೂರ್ ತರ ದಪ್ಪ ದಪ್ಪ ಬುಡ್ಬ್ಯಾಡ" ಎಂದರು.